ಭಾವನೆದುರು ಬರಿದಲೆ

ಮಧುವನಹಳ್ಳಿಯ ಶಿವರತ್ನಮ್ಮನನ್ನು ಬರಿದಲೆಯಲ್ಲಿ ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಗಂಡನ ಅಣ್ಣ ಪುಟ್ಟಬಸಪ್ಪ ಹೊಸಿಲಾಚೆ ಕೆಮ್ಮಿದರೆ ಸಾಕು, ಅವಳ ಬಲಗೈ ಸೆರಗನ್ನು ನೆತ್ತಿಗೆ ಎಳೆದುಬಿಡುತ್ತಿತ್ತು. ಭಾವನೆದುರು ತಲೆ ಮುಚ್ಚುವುದು ಆ ಮನೆಯ ನಡಾವಳಿ. ಕೈಯೆಲ್ಲ ಸಗಣಿಯಾಗಿದ್ದರೆ ಮೊಣಕೈಯಿಂದ ಎಳೆಯುವಳು. ಮೂವತ್ತು ವರ್ಷದ ರೂಢಿ. ಮನಸ್ಸನ್ನು ಕೇಳಿ ಕೈ ಏಳುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವಳು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡಿಗೆ ಸೇರಿದಳು. ಗದ್ದೆ, ತೆಂಗು ಇದ್ದ ಮನೆಯ ಹೆಣ್ಣು ಕೂಲಿಗೆ ಹೋಗುವುದೆಂದರೆ ಪುಟ್ಟಬಸಪ್ಪನಿಗೆ ಮೀಸೆ ಮಣ್ಣಾದಂತೆ. ಆದರೂ ಇವಳು ಜಗ್ಗಲಿಲ್ಲ. ತುತ್ತಿಗೆ ಇನ್ನೊಬ್ಬರ ಮುಖ ನೋಡಿ ಬದುಕುವ ಜೀವ ಅವಳದಲ್ಲ. ಕೊನೆಗೆ ಅವನೇ ಸೋತು, "ಸೆರಗು ಜಾರ್ದಂಗೆ ಓಗಿ ಬಾ" ಅಂದ.

ಹಾಗೆಯೇ ವರ್ಷಗಳು ಹೋದವು. ಕಳೆದ ಬೇಸಿಗೆಯಲ್ಲಿ ಇನ್ನಾವುದೋ ಶೆಡ್ಡಿನಲ್ಲಿ ಹೆಂಗಸೊಬ್ಬಳ ಸೆರಗು ಯಂತ್ರಕ್ಕೆ ಸಿಕ್ಕಿ ತೋಳೇ ಹೋಯಿತು. ಸುದ್ದಿ ಬಂದ ವಾರವೇ ಇಲ್ಲಿನ ಸೂಪರ್‌ವೈಸರ್ ದೀಪಶ್ರೀ ಎಲ್ಲರನ್ನೂ ನಿಲ್ಲಿಸಿಕೊಂಡಳು.

"ಸೋಮವಾರದಿಂದ ಸೀರೆ ಉಟ್ಟವ್ರು ಮಷಿನ್ ತಾವ ಬರಂಗಿಲ್ಲ. ಚೂಡಿದಾರ, ತಲೆಗೆ ಟೋಪಿ. ದುಪಟ್ಟನೂ ಆಚೆನೇ ಬುಟ್ಬುಟ್ಟು ಬರ್ಬೇಕು."

"ಈ ವಯಸ್ನಲ್ಲಿ ಅದ್ನ ತೊಟ್ಕಂಡ್ರೆ ಕೋಲೆಬಸವನಂಗೆ ಕಾಣ್ತೀವಿ ಕಣವ್ವ" ಅಂದಳು ಜೊತೆಯ ಚಿಕ್ಕಬಸಮ್ಮ.

"ಕೋಲೆಬಸವನಂಗೇ ಕಾಣಿ ಅತ್ತೆ, ಕೈಕಾಲು ನೆಟ್ಟಗಿದ್ರೆ ಸಾಕು."

ಎಲ್ಲರೂ ನಕ್ಕರು. ಶಿವರತ್ನಮ್ಮನಿಗೆ ನಗು ಬರಲಿಲ್ಲ. ಸಂಜೆ ಅಡುಗೆಮನೆ ಬಾಗಿಲ ಮರೆಯಲ್ಲಿ, ಅಕ್ಕ ಎಂದು ಕರೆಯುತ್ತಿದ್ದ ಓರಗಿತ್ತಿಯ ಪಕ್ಕ ನಿಂತು ಭಾವನಿಗೆ ವಿಷಯ ತಿಳಿಸಿದಳು. ಪುಟ್ಟಬಸಪ್ಪ ದನಿ ಎತ್ತುವವನಲ್ಲ. ವಿಭೂತಿ ಗಟ್ಟಿಯನ್ನು ತಟ್ಟೆಗಿಟ್ಟು ಹೇಳಿದ: "ಸೀರೆ ಬುಟ್ಟ ದಿನ ಈ ಬಾಗ್ಲನ್ನೂ ಬುಟ್ಟೆ ಅಂತ ತಿಳ್ಕೊ."

ಕೆಲಸ ಬಿಡಲಾರಳು, ಮನೆ ಬಿಟ್ಟರೆ ಹೋಗಲು ತಾವಿಲ್ಲ. ಕಳ್ಳದಾರಿಯೊಂದೇ ಉಳಿಯಿತು. ಸೀರೆಯಲ್ಲೇ ಬಸ್ಸು ಹತ್ತುವಳು. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಚೂಡಿದಾರ ತೊಡುವಳು. ಸಂಜೆ ಮತ್ತೆ ಸೀರೆ. ಆದರೆ ದುಪಟ್ಟ ಬಿಡಲು ಮಾತ್ರ ಅವಳಿಂದಾಗಲಿಲ್ಲ. ಎದೆಯ ಮೇಲೆ ಅದಿಲ್ಲದಿದ್ದರೆ ನಡುಬೀದಿಯಲ್ಲಿ ಉಟ್ಟದ್ದು ಕಳಚಿದಂತಾಗುತ್ತಿತ್ತು. ದೀಪಶ್ರೀ ಆಚೆ ಸಾಲಿಗೆ ಹೋದ ಕೂಡಲೇ ಊಟದ ಚೀಲದಿಂದ ತೆಗೆದು ಹೆಗಲಿಗೆ ಹಾಕಿ, ತುದಿಗಳನ್ನು ಸೊಂಟಕ್ಕೆ ಬಿಗಿಯುವಳು.

ಇಂಥ ಸುದ್ದಿಗೆ ಬಸ್ಸೇ ಬೇಕಿಲ್ಲ, ಅದು ನಡೆದೇ ಊರು ಸೇರುತ್ತದೆ. ಒಂದು ಮಧ್ಯಾಹ್ನ ಕಡಿದ ಎಳೆಯೊಂದಕ್ಕೆ ಗಂಟು ಹಾಕಲು ಅವಳು ಯಂತ್ರದ ಮೇಲೆ ಬಾಗಿದ್ದಳು. ಸಾವಿರ ಜೇನುಗೂಡು ಕೆದಕಿದಂಥ ಸದ್ದು. ಬಾಗಿಲ ಬೆಳಕು ಮಂಕಾದದ್ದಕ್ಕೆ ತಲೆ ಎತ್ತಿದರೆ ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ, ಹಣೆ ತುಂಬ ವಿಭೂತಿ. ಭಾವ.

ಬಲಗೈ ಎದ್ದುಬಿಟ್ಟಿತು. ಸೊಂಟದ ದುಪಟ್ಟ ಕಿತ್ತುಬಂದು ಟೋಪಿಯ ಮೇಲೆ ಏರಿತು. ಅದರ ಇನ್ನೊಂದು ತುದಿ ತಿರುಗುತ್ತಿದ್ದ ಸರಳಿನ ಮೇಲೆ ಬಿತ್ತು.

ಒಂದು ಸುತ್ತು, ಎರಡು ಸುತ್ತು. ಬಟ್ಟೆ ಕೊರಳಿಗೆ ಬಿಗಿಯಿತು. ಕೆನ್ನೆ ಬಾಬಿನ್‌ಗಳ ಸಾಲಿನತ್ತ ಇಳಿಯತೊಡಗಿತು. ಕೂಗಲು ಉಸಿರಿರಲಿಲ್ಲ.

ತಮ್ಮನ ಹೆಂಡತಿಯ ನೆರಳನ್ನೂ ತುಳಿಯದೆ ನಡೆದವನು ಪುಟ್ಟಬಸಪ್ಪ. ಓಡಿ ಬಂದವನೇ ಕೊರಳಿಗೂ ಸರಳಿಗೂ ನಡುವಿನ ದುಪಟ್ಟವನ್ನು ಎರಡೂ ಕೈಯಲ್ಲಿ ಹಿಡಿದು, ಯಂತ್ರದ ಕಾಲಿಗೆ ಪಾದ ಕೊಟ್ಟು ಹಿಂದಕ್ಕೆ ಜಗ್ಗಿದ. ಬಟ್ಟೆ ಅವನ ಅಂಗೈ ಸುಡುತ್ತ ಜಾರುತ್ತಿತ್ತು. ಮತ್ತೆ ಹಿಡಿದ, ಮತ್ತೆ ಜಾರಿತು. ಅಷ್ಟರಲ್ಲಿ ದೀಪಶ್ರೀ ಸ್ವಿಚ್ಚು ಆರಿಸಿದಳು. ಸರಳು ನಿಧಾನಕ್ಕೆ ನಿಂತಿತು.

ಕೊರಳಿನ ಬಟ್ಟೆ ಬಿಡಿಸಿದ ಮೇಲೆ ಶಿವರತ್ನಮ್ಮ ನೆಲದ ಮೇಲೆ ಕುಳಿತು ಕೆಮ್ಮಿದಳು. ಟೋಪಿ ಎಲ್ಲೋ ಹಾರಿಹೋಗಿತ್ತು.

"ಬ್ಯಾಡ ಬ್ಯಾಡ ಅಂದ್ರೂ ಆಕಂಡಿದ್ರಲ್ಲ ಅತ್ತೆ" ಎಂದಳು ದೀಪಶ್ರೀ.

"ಅದ್ಯಾಕೆ ತಲೆಗೆಳ್ಕಂಡೆ?" ಪುಟ್ಟಬಸಪ್ಪ ಕೇಳಿದ.

"ನೀವು ಬಂದ್ರಲ್ಲ ಬಾವ."

ಅವನು ತನ್ನ ಕೆಂಪಾದ ಅಂಗೈ ನೋಡಿಕೊಂಡ. ಆಮೇಲೆ, "ಏಳು, ಊರ್ಗೋಗವ. ಸಾಕು ಈ ಕೆಲ್ಸ" ಅಂದ.

"ಬರಾಕಿಲ್ಲ." ಕೆದರಿದ ಬರಿದಲೆಯಲ್ಲೇ, ಆ ಮನೆಗೆ ಬಂದಂದಿನಿಂದ ಮೊದಲ ಸಲ ಅವಳು ಭಾವನ ಮುಖ ನೋಡಿದಳು. "ತಪ್ಪು ಮಷಿನ್ದಲ್ಲ, ನಂದು. ಇನ್ಮೇಲೆ ದುಪಟ್ಟ ಆಕಳಕಿಲ್ಲ. ಸಂಜೆ ಬತ್ತೀನಿ. ಬಾಗ್ಲು ತೆಗಿಯೋದು ಬುಡೋದು ನಿಮ್ಗೆ ಬುಟ್ಟಿದ್ದು."

ಪುಟ್ಟಬಸಪ್ಪ ವಲ್ಲಿ ಸರಿಮಾಡಿಕೊಂಡು ಹೊರಟುಹೋದ.

ಸಂಜೆ ಅವಳು ಸೀರೆಯ ಮಡಿಕೆ ಬಿಚ್ಚಿದಳು. ಇವತ್ತು ಉಟ್ಟರೆ ನಾಳೆಯೂ ಇದೇ ಕಳ್ಳಾಟ. ಮಡಿಚಿ ಚೀಲಕ್ಕೆ ತುರುಕಿ, ಚೂಡಿದಾರದಲ್ಲೇ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಯಾರೂ ಅವಳನ್ನು ಮಾತಾಡಿಸಲಿಲ್ಲ. ಊರಲ್ಲಿ ಇಳಿದಾಗ ಹೋಟೆಲಿನ ಬೆಂಚಿನ ಮಾತೂ ನಿಂತಿತು. ಅವಳು ನಡೆದಳು. ಮನೆಯ ಬೀದಿಗೆ ತಿರುಗಿದಳು.

ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ಪುಟ್ಟಬಸಪ್ಪ, ಅಂಗೈಗೆ ಬೆಣ್ಣೆ ಮೆತ್ತಿಕೊಂಡು, ಬೀದಿಗೆ ಬೆನ್ನು ಮಾಡಿ, ಗೋಡೆಯತ್ತ ಮುಖವಿಟ್ಟು ಕುಳಿತಿದ್ದ. ಹೋಗಿ ಬರುವವರನ್ನೆಲ್ಲ ಮಾತಾಡಿಸಲೆಂದೇ ಅಲ್ಲಿ ಕೂರುತ್ತಿದ್ದ ಮನುಷ್ಯ.

ಅವಳು ಮೆಟ್ಟಿಲು ಹತ್ತಿದಳು. ಅವನು ತಿರುಗಲಿಲ್ಲ. ಅವಳ ಬಲಗೈಯೂ ಏಳಲಿಲ್ಲ.

"ನಿಮ್ಮಕ್ಕ ಕಾಫಿ ಇಟ್ಟವ್ಳೆ" ಅಂದ, ಗೋಡೆಗೇ ಹೇಳುವಂತೆ. "ಆರೋಯ್ತದ, ಓಗು."