ಸೇತುವೆಯ ಇಳಿಜಾರಿನಲ್ಲಿ ಎರಡು ಹಾರ್ನ್

ಇಳಿಜಾರು ಕಂಡೊಡನೆ ಗೇರು ತಪ್ಪಿಸಿ, ಎಂಜಿನ್ ಆರಿಸಿ, ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡುತ್ತಿದ್ದುದರಿಂದ ಲಾಂಡ್ರಿಯವರೆಲ್ಲ ಅವನನ್ನು ನ್ಯೂಟ್ರಲ್ ಮಾಮ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. "ಮಾಮನ ಗಾಡಿಗೆ ಡೀಸೆಲ್ ಯಾಕೆ ಹಾಕ್ತೀರಿ, ವಾಸನೆ ತೋರಿಸಿದ್ರೆ ಸಾಕು, ಓಡುತ್ತೆ" ಎಂದು ಇಸ್ತ್ರಿ ಮೇಜಿನ ಹೆಂಗಸರು ಕಿಚಾಯಿಸುತ್ತಿದ್ದರು.

ಕೆಲಸ ಎಂದಿಗೂ ಒಂದೇ ಬಗೆಯದು. ಬೆಳಿಗ್ಗೆ, ಇಸ್ತ್ರಿಯ ಬಿಸಿ ಇನ್ನೂ ಆರದ ಹಾಸುಬಟ್ಟೆಯ ಗಂಟುಗಳನ್ನು ವ್ಯಾನಿಗೆ ತುಂಬಿ ಗುಡ್ಡದಾಚೆಯ ದೊಡ್ಡಾಸ್ಪತ್ರೆಗೆ ಮುಟ್ಟಿಸುವುದು. ಅಲ್ಲಿಂದ ಕೊಳೆಬಟ್ಟೆಯ ಚೀಲಗಳನ್ನು ಹೇರಿಕೊಂಡು ಬರುವುದು. ಆಸ್ಪತ್ರೆಗೆ ಎರಡು ದಾರಿ. ಒಂದು ಗುಡ್ಡವನ್ನು ಹತ್ತಿ ಇಳಿಯುವ ಕಡಿದಾದ ಹತ್ತಿರದ ದಾರಿ. ಇನ್ನೊಂದು ನದಿಯ ದಂಡೆಗುಂಟ ಗುಡ್ಡವನ್ನು ಬಳಸಿ ಹೋಗುವ ಸಪಾಟು ರಸ್ತೆ. ಏರಿನಲ್ಲಿ ಗಾಡಿ ಕುಡಿಯುವ ಡೀಸೆಲ್ಲಿಗಿಂತ ಬಳಸುದಾರಿಯೇ ಅಗ್ಗ ಎಂಬುದು ಅವನ ವಾದ. ಹಳೆಯ ಮಾಲೀಕರು ಅದನ್ನು ಒಪ್ಪಿದ್ದರು. ಅವರ ಕಾಲಾನಂತರ ಲಾಂಡ್ರಿ ನಡೆಸುತ್ತಿದ್ದ ಮಗಳೂ ಅದನ್ನು ಕೆದಕಲು ಹೋಗಿರಲಿಲ್ಲ. ಗಂಟುಗಳು ಆಸ್ಪತ್ರೆ ಸೇರುವಷ್ಟರಲ್ಲಿ ತಣ್ಣಗಾಗಿರುತ್ತಿದ್ದವು. ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ನದಿಯ ದಾರಿಯಲ್ಲಿ ಅವನ ಅಕ್ಕ ಇದ್ದಳು. ಇದನ್ನು ಮಾತ್ರ ಅವನು ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ.

ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವನು ಮೊದಲ ಸಲ ಸ್ಟೇರಿಂಗ್ ಹಿಡಿದ ದಿನ ಗಾಡಿಯ ಪಕ್ಕದಲ್ಲೇ ಓಡುತ್ತ, "ಮುಂದೆ ನೋಡೋ ಪುಟ್ಟ, ನನ್ನನ್ನೇನು ನೋಡ್ತೀಯ!" ಎಂದು ಕೂಗಿದ್ದಳು. ಮದುವೆಯಾದ ಮೇಲೂ ಅವಳ ಮನೆಯ ತಟ್ಟೆಗಳಲ್ಲೊಂದು ಅವನದೇ ಆಗಿತ್ತು. ಹಾಗಿರುವಾಗ ಒಂದು ಸಂಜೆ ಭಾವನ ತಾಯಿಗೆ ಎದೆನೋವು ಬಂತು. ಆಗ ಅವರೆಲ್ಲ ಊರೊಳಗೆ, ಲಾಂಡ್ರಿಯ ಹಿಂದಿನ ಬೀದಿಯಲ್ಲಿದ್ದರು. ಮುದುಕಿಯನ್ನು ತನ್ನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡ ಅವನು, ಯೋಚಿಸದೆ, ರೂಢಿಯಂತೆ ನದಿಯ ದಾರಿ ಹಿಡಿದ. ಆಸ್ಪತ್ರೆಯ ಗೇಟು ಕಾಣುವಷ್ಟರಲ್ಲಿ ಉಸಿರು ನಿಂತಿತ್ತು.

"ನಾಲ್ಕು ಹನಿ ಪೆಟ್ರೋಲ್ ಉಳಿಸೋಕೆ ನಮ್ಮಮ್ಮನ್ನ ಊರೆಲ್ಲ ಸುತ್ತಿಸಿದ್ಯಲ್ಲೋ" ಎಂದಿದ್ದ ಭಾವ. "ಇನ್ನು ನನ್ನ ಹೊಸ್ತಿಲು ತುಳೀಬೇಡ."

ಏರಿನಲ್ಲಿ ಹಳೆಯ ಕಾರು ಕೈಕೊಡುತ್ತಿತ್ತು, ತಿರುವುಗಳ ಕುಲುಕಾಟಕ್ಕೆ ಮುದುಕಿಯ ಜೀವ ಅರ್ಧದಾರಿಯಲ್ಲೇ ಹೋಗಿಬಿಡುತ್ತಿತ್ತು ಎಂದು ಅವನು ಅಂದೂ ಹೇಳಿದ. ಮುಂದೆ ತನಗೆ ತಾನೇ ಹೇಳಿಕೊಳ್ಳುತ್ತಲೂ ಬಂದ. ಗುಡ್ಡದ ಕಡೆಗೆ ಮಾತ್ರ ಆಮೇಲೆ ಒಮ್ಮೆಯೂ ಗಾಡಿ ತಿರುಗಿಸಲಿಲ್ಲ.

ಭಾವ ಮನೆ ಬದಲಿಸಿ, ನದಿಯ ದಾರಿಯಲ್ಲೇ ಸೇತುವೆ ಇಳಿದೊಡನೆ ಸಿಗುವ ಕಟ್ಟಡದ ಮಹಡಿಗೆ ಹೋದ ಮೇಲೆ ಹಾರ್ನ್ ಶುರುವಾಯಿತು. ಸೇತುವೆಯ ನೆತ್ತಿಯಲ್ಲಿ ಎಂಜಿನ್ ಆರಿಸಿ, ಸದ್ದಿಲ್ಲದೆ ಜಾರಿಬಂದು, ಕಿಟಕಿಯ ನೇರಕ್ಕೆ ಎರಡು ಸಲ ಚುಟುಕಾಗಿ ಒತ್ತುವುದು. ಮೇಲೆ ಹಸಿರು ಪರದೆ ಒಮ್ಮೆ ಅತ್ತ, ಒಮ್ಮೆ ಇತ್ತ ಸರಿಯುತ್ತಿತ್ತು. ಮೊದಮೊದಲು ಅಕ್ಕನ ಮುಖ ಕಾಣುತ್ತಿತ್ತು. ಅವಳು ಹಾಸಿಗೆ ಹಿಡಿದಳೆಂದು ಕೆಳಗಿನ ಅಂಗಡಿಯವನು ಹೇಳಿದ ಮೇಲೆ ಪರದೆ ಮಾತ್ರ. ಮಲಗಿದಲ್ಲಿಂದಲೇ ಕೈಚಾಚಿ ಎಳೆಯುತ್ತಾಳೆ ಎಂದುಕೊಂಡು ಅವನು ಮುಂದೆ ಸಾಗುತ್ತಿದ್ದ. ದಿನ ಕಳೆಯಲು ಅಷ್ಟು ಸಾಕಿತ್ತು.

ಅಷ್ಟರಲ್ಲಿ ಸರ್ಕಾರ ಇಂಧನದ ಮೇಲಿನ ತೆರಿಗೆಯನ್ನು ತೆಗೆದುಹಾಕಿ, ಓಡಿದ ಕಿಲೋಮೀಟರಿಗೆ ಇಂತಿಷ್ಟೆಂದು ರಸ್ತೆ ಶುಲ್ಕ ವಿಧಿಸಿತು. ಬ್ಯಾಟರಿ ಗಾಡಿಗಳು ಹೆಚ್ಚಿ, ಬಂಕಿನ ಮುಖ ನೋಡದವರೂ ರಸ್ತೆ ಸವೆಸುತ್ತಿದ್ದರು. ಸವೆಸಿದವರೆಲ್ಲ ಕೊಡಲಿ ಎಂಬ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಡೀಸೆಲ್ ಅಗ್ಗವಾದ ದಿನ ಬಂಕಿನಲ್ಲಿ ಅವನೂ ಎಲ್ಲರೊಂದಿಗೆ ಹಿಗ್ಗಿದ. ಸ್ಟೇರಿಂಗ್ ಕೆಳಗೆ ಓಡಿದ ದೂರ ಅಳೆಯುವ, ಸಾಬೂನಿನ ಗಾತ್ರದ ಪೆಟ್ಟಿಗೆಯೊಂದನ್ನು ಕೂರಿಸಿದಾಗಲೂ ಬೆದರಲಿಲ್ಲ. ಎಂಜಿನ್ ಆರಿದರೆ ಪೆಟ್ಟಿಗೆಯೂ ಮಲಗುತ್ತದೆ ಎಂದು ನಂಬಿ, ತಿಂಗಳಿಡೀ ಕೊಂಚ ಇಳುಕಲು ಕಂಡಲ್ಲೆಲ್ಲ ಕೀಲಿ ತಿರುವಿದ.

ತಿಂಗಳು ಮುಗಿದಾಗ ಮಾಲೀಕರ ಮಗಳು ಕರೆದಳು.

"ಮಾಮ, ಡೀಸೆಲ್ ಚೆನ್ನಾಗಿ ಉಳಿಸಿದೀರ. ರಸ್ತೆ ಶುಲ್ಕ ಮಾತ್ರ ಎಲ್ಲಿಗೋ ಏರಿದೆ."

"ಹೇಗಮ್ಮ? ಅರ್ಧ ದಾರಿ ನಾನು ಎಂಜಿನ್ನೇ ಆನ್ ಮಾಡಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮಾಮ, ಅದು ಎಂಜಿನ್ ನೋಡಲ್ಲ. ಗಾಡಿ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನೋಡುತ್ತೆ. ನೀವು ಹಿಂದಿಂದ ತಳ್ಕೊಂಡು ಹೋದ್ರೂ ಅದಕ್ಕೆ ಲೆಕ್ಕವೇ."

ಅವನೂ ನಕ್ಕ.

"ನಾಳಿದ್ದಿನಿಂದ ಗುಡ್ಡದ ದಾರೀಲೇ ಹೋಗಿಬಿಡಿ."

"ಬ್ರೇಕ್ ಸವೆಯುತ್ತಮ್ಮ."

"ಹೊಸದು ಹಾಕಿಸೋಣ."

"ಗಂಟು ಉರುಳಾಡ್ತವೆ."

"ಕಟ್ಟಿ." ಅವಳು ತಲೆಯೆತ್ತಿ ಅವನನ್ನೇ ನೋಡಿದಳು. "ನದಿ ಕಡೆ ಏನಾದ್ರೂ ಇದೆಯಾ ಮಾಮ?"

ಹೇಳಿದ್ದರೆ ಒಪ್ಪುತ್ತಿದ್ದಳೇನೋ. ದನಿಯಲ್ಲಿ ಅಷ್ಟು ಕಾಳಜಿಯಿತ್ತು. ಆದರೆ ಎಲ್ಲಿಂದ ಶುರುಮಾಡುವುದು? "ಏನಿಲ್ಲಮ್ಮ. ಸಪಾಟು ರಸ್ತೆ, ಅಷ್ಟೇ" ಎಂದ.

ಮರುದಿನ, ಕೊನೆಯ ಸಲ, ಸೇತುವೆ ಇಳಿದು ಎರಡು ಬಾರಿ ಒತ್ತಿದ. ಪರದೆ ಅತ್ತಿತ್ತ ಸರಿಯಿತು. ನಾಳೆ ಹಾರ್ನ್ ಕೇಳಿಸದಿದ್ದರೆ ತಮ್ಮ ಸತ್ತನೆಂದೇ ಅಕ್ಕ ತಿಳಿದಾಳು ಎಂಬ ಯೋಚನೆ ಅವನನ್ನು ಮನೆಯಿಂದಲೇ ಬೆನ್ನಟ್ಟಿ ಬಂದಿತ್ತು. ವ್ಯಾನ್ ಬದಿಗೆ ನಿಲ್ಲಿಸಿ ಮೆಟ್ಟಿಲು ಹತ್ತಿದ.

ಬಾಗಿಲು ತೆರೆದವನು ಭಾವ. ಬನಿಯನ್ನಿನ ಮೇಲೆ ಔಷಧಿಯ ಕಲೆ, ಕೆನ್ನೆಯಲ್ಲಿ ಬಿಳಿ ಗಡ್ಡ. "ನೀನಾ" ಎಂದ. ಅಡ್ಡ ನಿಲ್ಲಲಿಲ್ಲ.

ಕಿಟಕಿಯ ಬಳಿ ಹಾಸಿಗೆ ಇರಲಿಲ್ಲ. ಒಂದು ಕುರ್ಚಿ ಮಾತ್ರ ಇತ್ತು. ಅಕ್ಕ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. "ಅಕ್ಕಾ, ನಾನು, ಪುಟ್ಟ" ಎಂದು ಅವಳ ಮುಂದೆ ಬಗ್ಗಿದ. ಅವಳ ನೋಟ ಅವನ ಅಂಗಿಯ ಗುಂಡಿಯ ಮೇಲೆ ಕ್ಷಣಕಾಲ ನಿಂತು, ಮತ್ತೆ ಗೋಡೆಗೆ ಹೋಯಿತು.

"ಕಿವಿ ಹೋಗಿ ವರ್ಷದ ಮೇಲಾಯ್ತು. ಯಾರ ಗುರುತೂ ಸಿಗಲ್ಲ" ಎಂದ ಭಾವ, ಹಿಂದಿನಿಂದ.

"ಹಾಗಾದ್ರೆ ಪರದೆ?"

"ನಾನೇ."

"ನೀವಾ ಭಾವ?"

"ಪರದೆ ಅಲ್ಲಾಡದಿದ್ರೆ ನೀನು ಮೇಲೆ ಹತ್ತಿ ಬರ್ತಿದ್ದೆ. ನಿನ್ನ ಮುಖ ನೋಡ್ಬೇಕಾಗ್ತಿತ್ತು."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ; ನಲ್ಲಿಯಲ್ಲಿ ನೀರು ನಿಂತಿದೆ ಎನ್ನುವಂತೆ ಹೇಳಿದ. ಅವನು ಅಕ್ಕನ ಹಾಸುಬಟ್ಟೆಯ ಅಂಚನ್ನು ಸರಿಪಡಿಸಿದ. ಸರಿಯಾಗಿ ಜಾಲಾಡಿಸದೆ ಒಣಗಿಸಿದ ಬಟ್ಟೆ, ಸಾಬೂನು ಉಳಿದು ಒರಟಾಗಿತ್ತು. ಕೊಡಿ, ನಾನು ಒಗೆಸಿ ತರುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗಲೇ, ನಾಳೆ ವ್ಯಾನ್ ಇತ್ತ ಬರುವುದಿಲ್ಲ ಎಂಬುದು ನೆನಪಾಯಿತು.

"ಇನ್ನು ಈ ದಾರೀಲಿ ಬರಲ್ಲ ಭಾವ. ಗುಡ್ಡದ ಮೇಲೆ ಹೋಗು ಅಂದಿದಾರೆ."

"ಗುಡ್ಡದ ಮೇಲೆ" ಎಂದ ಭಾವ. "ಈಗ."

ಅವನು ಎರಡು ಮೆಟ್ಟಿಲು ಇಳಿದಿದ್ದ. ಹಿಂದಿನಿಂದ ಮತ್ತೆ ದನಿ ಬಂತು. "ಹಾಗಾದ್ರೆ ಬೆಳಿಗ್ಗೆ ಹಾರ್ನ್ ಇರಲ್ವಾ?"

ತಿರುಗಿ ನೋಡಿದ. ಭಾವ ಕಿಟಕಿಯ ಕಡೆಗೆ ಮುಖಮಾಡಿ ಕುರ್ಚಿಯಲ್ಲಿ ಕೂರುತ್ತಿದ್ದ.

ಮರುದಿನ ವ್ಯಾನ್ ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿತು. ತಿರುವುಗಳು ಅವನು ಇಷ್ಟು ವರ್ಷ ಕಲ್ಪಿಸಿಕೊಂಡು ಬಂದಷ್ಟು ಕಡಿದಾಗಿರಲಿಲ್ಲ. ಮೊದಲ ತಿರುವಿನಲ್ಲಿ ಹಾರ್ನ್ ಒತ್ತಿದಾಗ ತಾನಾಗಿಯೇ ಎರಡು ಚುಟುಕು ಸದ್ದು ಹೊರಟವು. ಎದುರಿಗೆ ಯಾರೂ ಇರಲಿಲ್ಲ. ನೆತ್ತಿ ದಾಟಿದ್ದೇ ತಡ, ಆಸ್ಪತ್ರೆ ಕಾಲಬುಡದಲ್ಲೇ ಇದ್ದಂತೆ ಕಾಣಿಸಿತು. ಇಳಿಜಾರಿನಲ್ಲಿ ಕೈ ಕೀಲಿಯ ಕಡೆಗೆ ಹೋಗಿ ಹಿಂದೆ ಬಂತು.

"ಏನ್ ಮಾಮ, ಇಷ್ಟು ಬೇಗ?" ಎಂದ ಗೇಟಿನ ಕಾವಲುಗಾರ. "ಬಟ್ಟೆ ಕೋಣೆ ಬೀಗ ಇನ್ನೂ ತೆಗೆದಿಲ್ಲ."

"ಗುಡ್ಡದ ಮೇಲಿಂದ ಬಂದೆ."

"ಇಷ್ಟು ಹತ್ತಿರ ಇಟ್ಕೊಂಡು ಊರೆಲ್ಲ ಸುತ್ತುತ್ತಿದ್ರಲ್ಲ ಮಾರಾಯ್ರೆ" ಎಂದು ಕಾವಲುಗಾರ ನಕ್ಕು ಗೇಟು ಸರಿಸಿದ.

ನೆರಳಿಗೆ ವ್ಯಾನ್ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಮೇಲಿನ ಗಂಟಿನ ಮೇಲೆ ಅವನು ಅಂಗೈ ಇಟ್ಟ. ಬಟ್ಟೆ ಇನ್ನೂ ಬಿಸಿಯಾಗಿತ್ತು. ಬೀಗದ ಕೈಯವನು ಬರುವವರೆಗೂ ಕೈ ತೆಗೆಯದೆ ಹಾಗೆಯೇ ನಿಂತಿದ್ದ.