ಆಂಟಿಯ ಕೆಂಪು ಹೆಸರು

ಸಮಾಧಿ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಮಂಗಳೂರಿನಲ್ಲಿ ಪ್ರತಿ ನವೆಂಬರಿನಲ್ಲಿ ನಮ್ಮ ಕ್ರೈಸ್ತರ ಸತ್ತವರ ದಿನಕ್ಕೆ ಅಜ್ಜಿಯ ಸಮಾಧಿಯನ್ನು ತೆಂಗಿನ ನಾರಿನಿಂದ ಉಜ್ಜಿ ಬೆಳೆದವಳು ನಾನು. ಹಾಗಾಗಿ ಇಲ್ಲಿ ಮಲೇಷ್ಯಾದಲ್ಲಿ, ಪೆಟಾಲಿಂಗ್ ಜಯಾದಿಂದ ಚೀನೀ ಆಂಟಿ ಫೋನು ಮಾಡಿ ಗಂಡನ ಸಮಾಧಿ ಗುಡಿಸಿ ಬರ್ತೀಯಾ ಎಂದು ಕೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಆಂಟಿ ನಮ್ಮ ಹಳೆಯ ಬಾಡಿಗೆ ಮನೆಯ ಒಡತಿ. ಮಕ್ಕಳಿಲ್ಲ. ಆ ಸಮಾಧಿ ಪಕ್ಕದ ರಾಜ್ಯದ ನಿಲಾಯ್‌ನಲ್ಲಿ, ನಮ್ಮ ಈಗಿನ ಮನೆಯಿಂದ ಹತ್ತು ನಿಮಿಷದ ದಾರಿ. ಏಪ್ರಿಲ್‌ನ ಚಿಂಗ್‌ಮಿಂಗ್ ಹಬ್ಬಕ್ಕೆ ಚೀನೀಯರು ಹಿರಿಯರ ಸಮಾಧಿ ಗುಡಿಸಿ, ಊಟವಿಟ್ಟು, ಊದುಬತ್ತಿ ಹಚ್ಚುತ್ತಾರೆ. ಕೊರೊನಾದ ಎರಡನೇ ವರ್ಷವೂ ಆಂಟಿಗೆ ರಾಜ್ಯದ ಗಡಿ ದಾಟುವಂತಿರಲಿಲ್ಲ.

"ಈ ಸಲವೂ ಯಾರೂ ಹೋಗದಿದ್ರೆ ನಾನು ಮರೆತೆ ಅಂದ್ಕೊಳ್ತಾನೆ ಲಾ," ಎಂದರು, ಇಲ್ಲಿನವರ ರೂಢಿಯ 'ಲಾ' ಸೇರಿಸಿ.

ಹೋದೆ. ಗುಡಿಸಿದೆ. ಕಲ್ಲಿನ ಮೇಲೆ ಚೀನೀ ಅಕ್ಷರಗಳ ಎರಡು ಸಾಲು: ಒಂದು ಚಿನ್ನದ ಬಣ್ಣ, ಇನ್ನೊಂದು ಕೆಂಪು. ಕೆಂಪು ಅರ್ಧಂಬರ್ಧ ಎದ್ದುಹೋಗಿ, ಯಾರೋ ಎಲೆಯಡಿಕೆ ಉಗುಳಿದ ಹಾಗೆ ಕಾಣುತ್ತಿತ್ತು. ತಂತಿ ಬ್ರಷ್ಷಿನಿಂದ ಪೂರ್ತಿ ಕಿತ್ತುಹಾಕಿದೆ. ಕಿತ್ತಳೆ, ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿ ತಂದ ಕೋಳಿ, ಅಂಕಲ್‌ಗೆ ಇಷ್ಟವಾದ ಸಕ್ಕರೆಯಿಲ್ಲದ ಕಾಫಿ ಎಲ್ಲ ಇಟ್ಟು ವೀಡಿಯೊ ಕಾಲ್ ಮಾಡಿದೆ.

ಆಂಟಿ ಗಂಡನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಲು ಹೊರಟವರು ಥಟ್ಟನೆ ನಿಂತರು.

"ನನ್ನ ಹೆಸರೆಲ್ಲಿ?"

ಗಂಡನ ಪಕ್ಕದ ಜಾಗ ಅವರಿಗಾಗಿ ಕಾದಿರಿಸಿದ್ದು; ಹೆಸರನ್ನೂ ಆಗಲೇ ಕೆತ್ತಿಸಿದ್ದರು. ಬದುಕಿರುವಷ್ಟು ದಿನ ಆ ಹೆಸರು ಕೆಂಪು. ಸತ್ತ ಮೇಲೆ ಕೆಂಪು ತೆಗೆದು ಚಿನ್ನದ ಬಣ್ಣ ತುಂಬುತ್ತಾರೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ದಿನಾ ಸಾವಿನ ಸುದ್ದಿಯೇ ಕೇಳುತ್ತಿದ್ದ ಕಾಲ. ಎಪ್ಪತ್ತೆಂಟರ ಆಂಟಿಗೆ ಇನ್ನೂ ಲಸಿಕೆಯಾಗಿರಲಿಲ್ಲ. "ಪರವಾಗಿಲ್ಲ," ಎಂದು ಸಣ್ಣ ದನಿಯಲ್ಲಿ ಹೇಳಿ ಫೋನಿಟ್ಟರು. ಅವರಿಗೇನಾದರೂ ಆದರೆ ಎಂದು ಯೋಚಿಸುತ್ತಲೇ ಮನೆಗೆ ಬಂದೆ.

"ಗುಡಿಸ್ಲಿಕ್ಕೆ ಹೋಗಿ ಆಂಟಿಯನ್ನೇ ಗುಡಿಸಿ ಬಂದ್ಯಲ್ಲ ಮಾರಾಯ್ತಿ!" ಎಂದು ಮನೆಯಲ್ಲಿ ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಪೇಂಟ್ ಹುಡುಕುತ್ತ ಕೂರುವ ತಾಳ್ಮೆಯೂ ಇರಲಿಲ್ಲ. ಡ್ರಾಯರಿನಲ್ಲಿದ್ದ ಕೆಂಪು ನೇಲ್‌ಪಾಲಿಶ್ ಎತ್ತಿಕೊಂಡು ವಾಪಸ್ ಓಡಿದೆ.

ಆಂಟಿಗೆ ಮತ್ತೆ ಕಾಲ್ ಮಾಡಿ ಬಾಟಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡರು. "ಮೇಲಿಂದ ಶುರು ಮಾಡು. ಹೊರಗೆ ಹೋಗ್ಬೇಡ. ಮೆಲ್ಲಗೆ, ಮೆಲ್ಲಗೆ." ಮೂರೇ ಅಕ್ಷರಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಯದಕ್ಕೆ ಬಾಟಲಿ ಬರಿದಾಗಿ, ಗೆರೆಗಳು ತುಸು ತೆಳುವಾದವು.

ಆಂಟಿ ಬಹಳ ಹೊತ್ತು ನೋಡಿದರು. ಫೋನನ್ನು ಗಂಡನ ಹೆಸರಿನತ್ತ ಹಿಡಿಯಲು ಹೇಳಿದರು. ಆಮೇಲೆ, ನನಗೂ ಅರ್ಥವಾಗಲೆಂದೋ ಏನೋ, ಇಂಗ್ಲಿಷಿನಲ್ಲೇ ಅಂಕಲ್‌ಗೆ ಹೇಳಿದರು:

"ಕಾಫಿ ಆರಿಹೋಯ್ತು, ನೀನು ಕುಡಿ. ನನಗಾಗಿ ಕಾಯ್ಬೇಡ. ಈಗಷ್ಟೇ ನೇಲ್‌ಪಾಲಿಶ್ ಹಚ್ಚಿಸ್ಕೊಂಡಿದ್ದೀನಿ, ಒಣಗ್ಬೇಕು ಲಾ."