ಸೆಟ್ಟಿಂಗ್ಸ್ ಪುಟದ ಮಡಿ

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಶನಿವಾರದ ಕನ್ನಡ ತರಗತಿಗೆ ಆನ್‌ಲೈನ್ ಪಾಠದ ಸಾಫ್ಟ್‌ವೇರ್ ನೋಡಿಕೊಳ್ಳುವವಳು ನಾನು. ಅದರ ಸೆಟ್ಟಿಂಗ್ಸ್ ಪುಟ ಎಷ್ಟು ಉದ್ದವಿತ್ತೆಂದರೆ, ಕೆಳಗಿನ 'ಉಳಿಸು' ಗುಂಡಿ ತಲುಪುವಷ್ಟರಲ್ಲಿ ಮೇಲೆ ಏನು ಬದಲಿಸಿದೆವೆಂಬುದೇ ಮರೆತುಹೋಗುತ್ತಿತ್ತು. ಟೀಚರುಗಳ ದೂರು ಕೇಳಿ ಕೇಳಿ ರೋಸಿಹೋಗಿ, ಒಂದು ಭಾನುವಾರ ಕೂತು ಪುಟವನ್ನು ಎಂಟು ಭಾಗ ಮಾಡಿ, ಎಲ್ಲವನ್ನೂ ಸೀರೆಯಂತೆ ಮಡಿಸಿಟ್ಟೆ. ಬೇಕಾದ್ದನ್ನು ಮಾತ್ರ ತೆರೆದುಕೊಳ್ಳಲೆಂದು ಪ್ರತಿಯೊಂದರ ಪಕ್ಕ ಪುಟ್ಟ ಗುಂಡಿ ಇಟ್ಟು, ಅದರ ಮೇಲೆ 'ಮಡಿಸು–ಬಿಡಿಸು' ಎಂದು ಬರೆದು ಬೀಗಿದೆ.

ಮುಂದಿನ ಶನಿವಾರ ಉಡುಪಿ ಕಡೆಯ ಹಿರಿಯ ಟೀಚರ್ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತಿದ್ದರು.

"ಏನಾಯ್ತು ಮಾಮಿ, ಒತ್ತಿ ನೋಡಿಲ್ವಾ?" ಎಂದೆ.

"ಮಡಿ ಅಂತ ಬರ್ದಿದ್ದಿಯಲ್ಲ ಮಾರಾಯ್ತಿ. ನಾನು ಟ್ಯೂಬ್ ರೈಲಲ್ಲಿ ಎಲ್ಲರನ್ನೂ ತಾಗಿಸಿಕೊಂಡು ಬಂದವಳು, ಹೇಗೆ ಮುಟ್ಟುದು?"

ಬಗ್ಗಿ ನೋಡಿದೆ. ಗುಂಡಿಯಲ್ಲಿ ಜಾಗ ಸಾಲದೆ ಮೊದಲ ಎರಡಕ್ಷರ ಮಾತ್ರ ಉಳಿದಿದ್ದವು. ಪುಟದುದ್ದಕ್ಕೂ ಮಡಿ, ಮಡಿ, ಮಡಿ. ಮಾಮಿಯ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ; ಅವರು ಹೇಳಿದ್ದು ತಮಾಷೆಗೋ ನಿಜಕ್ಕೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅಲ್ಲೇ ಕೂತು ಏಳು ಗುಂಡಿಗಳನ್ನು 'ತೆರೆ' ಎಂದು ತಿದ್ದಿದೆ. ಎಂಟನೆಯ ಭಾಗದೊಳಗಿದ್ದದ್ದು 'ಎಲ್ಲ ಪಾಠ ಅಳಿಸು' ಎಂಬ ಆಯ್ಕೆ. ಈ ಮೊದಲು ಅವಸರದಲ್ಲಿ ಅದನ್ನು ಒತ್ತಿ, ಇಡೀ ಟರ್ಮಿನ ಪಾಠಗಳನ್ನು ಕಳೆದು, ಆಮೇಲೆ ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಅದನ್ನು ಮಾತ್ರ ಮಡಿಯಲ್ಲೇ ಬಿಟ್ಟೆ.

ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ.